ಜಿಂಕೆಯ ಹಾಜರಿ ಪುಸ್ತಕ

ಬೆಳಗಿನ ಜಾವ 2 ಗಂಟೆ 47 ನಿಮಿಷ. ಅಮೆರಿಕದ ಒಹಾಯೊ ರಾಜ್ಯದ ಒಂದು ಮನೆಯಲ್ಲಿ ದಿಂಬಿನ ಪಕ್ಕದ ಮೊಬೈಲ್ ಗುಂಯ್ ಎನ್ನುತ್ತದೆ. ಯಜಮಾನ ದಡಬಡಿಸಿ ಎದ್ದು ಕೂರುತ್ತಾನೆ. ‘ಯಾರಿಗೆ ಏನಾಯಿತು?’ ಎಂದು ಹೆಂಡತಿ ಗಾಬರಿಯಾಗುತ್ತಿದ್ದ ಕಾಲ ಎಂದೋ ಮುಗಿದಿದೆ. ಈಗ ಅವಳು ಮಗ್ಗುಲು ಬದಲಿಸುತ್ತಾ ‘ಬಂದನಾ?’ ಎಂದಷ್ಟೇ ಕೇಳುತ್ತಾಳೆ. ‘ಇಲ್ಲ, ರಕೂನ್’ ಎಂದು ಅವನು ನಿಟ್ಟುಸಿರು ಬಿಡುತ್ತಾನೆ. ರಕೂನ್ ಎಂದರೆ ಅಲ್ಲಿ ರಾತ್ರಿ ಹೊತ್ತು ತಿರುಗುವ ಒಂದು ಸಣ್ಣ ಕಾಡುಪ್ರಾಣಿ. ಅದೂ ಪೂರ್ತಿ ರಕೂನ್ ಅಲ್ಲ, ಅದರ ಹಿಂಭಾಗ.

ಅವನು ಕಾಯುತ್ತಿರುವುದು ಗೋಲಿಯಾತ್‌ಗಾಗಿ. ಗೋಲಿಯಾತ್ ಎಂದರೆ ಒಂದು ಬಿಳಿಬಾಲದ ಗಂಡುಜಿಂಕೆ, ಹತ್ತು ಕವಲಿನ ಕೊಂಬಿನ ಆಸಾಮಿ. ಜುಲೈ ತಿಂಗಳಲ್ಲಿ ಅದಕ್ಕೆ ನಾಮಕರಣವಾಯಿತು. ಹೆಸರಿಟ್ಟವನು ಅದನ್ನು ಇಂದಿನವರೆಗೂ ಕಣ್ಣಾರೆ ಕಂಡಿಲ್ಲ. ಕಂಡ ದಿನ ಕೊಲ್ಲಬೇಕೆಂದಿದ್ದಾನೆ. ಹೆಸರಿಟ್ಟು, ಅಕ್ಕರೆಯಿಂದ ಚಿತ್ರ ಜೋಡಿಸಿಟ್ಟು, ಬಂದುಹೋದ ಹೊತ್ತನ್ನೆಲ್ಲ ಬರೆದಿಟ್ಟು, ಕೊನೆಗೆ ಗುಂಡಿಕ್ಕುವ ಈ ಪ್ರೀತಿಗೆ ಆ ನಾಡಿನ ಬೇಟೆಗಾರರು ‘ಹಿಟ್ ಲಿಸ್ಟ್’ ಎನ್ನುತ್ತಾರೆ. ಭೂಗತ ಲೋಕದವರೂ ಇದೇ ಮಾತು ಬಳಸುತ್ತಾರೆ, ಆದರೆ ಅವರು ಪಟ್ಟಿಯಲ್ಲಿರುವವನ ಬಾಲ್ಯದ ಚಿತ್ರಗಳನ್ನು ಆಲ್ಬಂ ಮಾಡಿ ಇಟ್ಟುಕೊಂಡ ಉದಾಹರಣೆ ಕಡಿಮೆ.

ಈ ಎಲ್ಲದರ ಮೂಲ ಟ್ರೇಲ್ ಕ್ಯಾಮೆರಾ ಎಂಬ ಪೆಟ್ಟಿಗೆ. ಇಟ್ಟಿಗೆಯ ಗಾತ್ರದ್ದು, ತೊಗಟೆಯ ಬಣ್ಣದ್ದು. ಕಾಡಿನ ಜಾಡಿಗೆ ಎದುರಾಗಿ ಮರಕ್ಕೆ ಬಿಗಿದರೆ ಸಾಕು, ಮೈ ಬಿಸಿಯಿರುವ ಯಾವುದಾದರೂ ಜೀವ ಮುಂದೆ ಹಾದುಹೋದ ಅರೆಕ್ಷಣದೊಳಗೆ ಚಿತ್ರ ಸಿದ್ಧ. ರಾತ್ರಿ ಹೊತ್ತು ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬೀರಿ ಬೂದು ಬಣ್ಣದಲ್ಲಿ ತೆಗೆಯುತ್ತದೆ. ಹೊಸ ಮಾದರಿಗಳಲ್ಲಿ ಸಿಮ್ ಇದೆ. ತಿಂಗಳ ಬಾಡಿಗೆ ಕಟ್ಟಿದರೆ ಚಿತ್ರ ನೇರವಾಗಿ ಮೊಬೈಲಿಗೆ ಬಂದು ಬೀಳುತ್ತದೆ. ಹಿಂದೆ ಬೇಟೆಗಾರ ಮಣ್ಣಿನಲ್ಲಿ ಗೊರಸಿನ ಗುರುತು ಹುಡುಕುತ್ತಿದ್ದ. ಹಿಕ್ಕೆಯನ್ನು ಬೆರಳಲ್ಲಿ ಒತ್ತಿ ನೋಡಿ, ಜಿಂಕೆ ಹೋಗಿ ಎಷ್ಟು ಹೊತ್ತಾಯಿತೆಂದು ಲೆಕ್ಕ ಹಾಕುತ್ತಿದ್ದ. ಈಗ ಬೆರಳಿಗೆ ಹಿಕ್ಕೆ ತಾಗಿಸಿಕೊಳ್ಳುವ ಕಷ್ಟವಿಲ್ಲ. ಬೆರಳು ಗಾಜಿನ ಮೇಲೆ ಜಾರುತ್ತದೆ.

ಆದರೆ ಈ ಪೆಟ್ಟಿಗೆಗೆ ವಿವೇಕವಿಲ್ಲ. ಬಿಸಿಲಿಗೆ ಕಾದ ಹುಲ್ಲಿನ ಎಸಳೊಂದು ಗಾಳಿಗೆ ತೊನೆದರೂ ಅದಕ್ಕೆ ಅದು ಜೀವವೇ. ವಾರಾಂತ್ಯದ ಒಂದೇ ಗಾಳಿಗೆ ಸಾವಿರದ ನಾನೂರು ಚಿತ್ರ ಬಂದು ಬೀಳುತ್ತವೆ, ಸಾವಿರದ ಮುನ್ನೂರೂ ಚಿಲ್ಲರೆ ಹುಲ್ಲು. ಉಳಿದುದರಲ್ಲಿ ಅಳಿಲು, ಕಾಡುಕೋಳಿಯ ಒಂದು ಕಾಲು, ಪಕ್ಕದ ಮನೆಯ ನಾಯಿ, ಕ್ಯಾಮೆರಾ ಕಟ್ಟಲು ಬಂದ ಸ್ವತಃ ಬೇಟೆಗಾರನ ಮೂಗಿನ ಹೊಳ್ಳೆ. ಇಷ್ಟನ್ನೂ ಅವನು ಒಂದೊಂದಾಗಿ ನೋಡುತ್ತಾನೆ. ಹಗಲಿಡೀ ಕಚೇರಿಯಲ್ಲಿ ಪರದೆ ನೋಡಿ ಬೇಸತ್ತು, ಕಾಡಿನ ಗಾಳಿ ಕುಡಿಯಬೇಕೆಂದು ಈ ಹವ್ಯಾಸ ಹಿಡಿದವನು, ರಾತ್ರಿಯಿಡೀ ಪರದೆಯಲ್ಲಿ ಕಾಡಿನ ಗಾಳಿಯನ್ನೇ ನೋಡುತ್ತಿದ್ದಾನೆ. ಅಷ್ಟು ಸಂಬಳಕ್ಕೆ ಯಾವ ಕಾವಲುಗಾರನೂ ಇಷ್ಟು ನಿಷ್ಠೆಯಿಂದ ದುಡಿಯುವುದಿಲ್ಲ, ಏಕೆಂದರೆ ಇಲ್ಲಿ ಸಂಬಳ ಇವನೇ ಕೊಡಬೇಕು.

ಇದಕ್ಕೊಬ್ಬ ಮೂಲಪುರುಷನಿದ್ದಾನೆ. ಜಾರ್ಜ್ ಶೈರಾಸ್ ಎಂಬ ಪೆನ್ಸಿಲ್ವೇನಿಯದ ಸಂಸದ. ಆತನೂ ಬೇಟೆಗಾರನೇ. ದೋಣಿಯ ಮೂತಿಯಲ್ಲಿ ಬೆಂಕಿ ಹೊತ್ತಿಸಿಕೊಂಡು, ಬೆಳಕಿಗೆ ಬೆರಗಾಗಿ ನಿಂತ ಜಿಂಕೆಗೆ ಗುಂಡು ಹೊಡೆಯುವ ವಿದ್ಯೆ ಕಲಿತಿದ್ದ. ಒಂದು ದಿನ ಬಂದೂಕು ಕೆಳಗಿಟ್ಟು ಅದೇ ದೋಣಿಯಲ್ಲಿ ಕ್ಯಾಮೆರಾ ಇಟ್ಟ. ಜಾಡಿಗೆ ಅಡ್ಡವಾಗಿ ತಂತಿ ಎಳೆದು, ಜಿಂಕೆಯೇ ಎಡವಿ ತನ್ನ ಚಿತ್ರ ತಾನು ತೆಗೆದುಕೊಳ್ಳುವ ಏರ್ಪಾಡು ಮಾಡಿದ. 1906ರ ಜುಲೈ ಸಂಚಿಕೆಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವನ 74 ಚಿತ್ರಗಳನ್ನು ಅಚ್ಚು ಹಾಕಿದಾಗ, ಗಂಭೀರ ಪತ್ರಿಕೆ ಚಿತ್ರಪುಸ್ತಕವಾಯಿತೆಂದು ಆಡಳಿತ ಮಂಡಳಿಯ ಇಬ್ಬರು ರಾಜೀನಾಮೆ ಕೊಟ್ಟರು. ಆ ಇಬ್ಬರ ನೆನಪು ನನಗೆ ಆಗಾಗ ಬರುತ್ತದೆ. ಎರಡು ಜಿಂಕೆಗೆ ಮುನಿದು ಎದ್ದುಹೋದವರು ಈ ಹುಲ್ಲಿನ ಚಿತ್ರಗಳನ್ನು ನೋಡಿದ್ದರೆ ಏನು ಮಾಡುತ್ತಿದ್ದರೋ. ಇರಲಿ. ಶೈರಾಸ್ ಗುಂಡಿನ ಬದಲು ಕ್ಯಾಮೆರಾ ಹಿಡಿದ. ಅವನ ವಂಶಸ್ಥರು ಗುಂಡಿಗೆ ದಾರಿ ತೋರಿಸಲು ಕ್ಯಾಮೆರಾ ಹಿಡಿದಿದ್ದಾರೆ.

ಗೋಲಿಯಾತ್‌ನ ಕಥೆಗೆ ಬರೋಣ. ಈ ಜಿಂಕೆಗೆ ಬೇಲಿ ಗೊತ್ತಿಲ್ಲ. ಅದರ ತಿರುಗಾಟಕ್ಕೆ ಒಂದು ಚದರ ಮೈಲಿಯಷ್ಟಾದರೂ ನೆಲ ಬೇಕು, ನಮ್ಮ ಬೇಟೆಗಾರನ ಜಮೀನು ಅದರಲ್ಲೊಂದು ಮೂಲೆ. ಹೀಗಾಗಿ ಇಲ್ಲಿ ಗೋಲಿಯಾತ್ ಆಗಿರುವುದು ತೊರೆ ದಾಟಿದರೆ ‘ಮೇಯರ್’, ರಸ್ತೆಯ ಆಚೆ ‘ಸ್ಯಾಮ್ಸನ್’. ಮೂವರ ಮೊಬೈಲಿನಲ್ಲೂ ಅದೇ ಜಿಂಕೆ, ಮೂವರೂ ಅದನ್ನು ‘ನನ್ನದು’ ಎನ್ನುವವರೇ. ಕಾನೂನಿನ ಪ್ರಕಾರ ಕಾಡುಜಿಂಕೆ ಯಾರೊಬ್ಬರದೂ ಅಲ್ಲ, ಜನರ ಪರವಾಗಿ ರಾಜ್ಯ ನೋಡಿಕೊಳ್ಳುವ ಸ್ವತ್ತು. ಆದರೆ ನಾನೂರು ಚಿತ್ರ ಇಟ್ಟುಕೊಂಡವನಿಗೆ ಕಾನೂನು ಹೇಳಿ ಪ್ರಯೋಜನವಿಲ್ಲ. ತೊರೆಯಾಚೆಯವನು ಒಂದು ದಿನ ‘ಮೇಯರ್’ನನ್ನು ಹೊಡೆದು ಟ್ರಕ್ಕಿನಲ್ಲಿ ಹಾಕಿಕೊಂಡು ಹೋದರೆ ಇವನ ಮನೆಯಲ್ಲಿ ಮೂರು ದಿನ ಸೂತಕದ ಕಳೆ. ಅಯ್ಯೋ, ನಾನು ಕೊಲ್ಲಬೇಕಾದದ್ದನ್ನು ಕೊಂದುಬಿಟ್ಟರಲ್ಲ!

ಸೆಪ್ಟೆಂಬರಿನಲ್ಲಿ ಇನ್ನೊಂದು ಸಂಕಟ. ಬೇಸಿಗೆಯಿಡೀ ಗುಂಪಾಗಿ ಮೇಯುತ್ತಿದ್ದ ಗಂಡುಜಿಂಕೆಗಳು ಕೊಂಬಿನ ಮೇಲಿನ ಮಖಮಲ್ಲಿನಂಥ ತೊಗಲನ್ನು ಮರಕ್ಕೆ ಉಜ್ಜಿ ಕಳಚಿದ ಮೇಲೆ, ಸ್ನೇಹ ಮುರಿದು ದಿಕ್ಕಿಗೊಂದರಂತೆ ಚದುರುತ್ತವೆ. ಪ್ರಕೃತಿಯ ಈ ವಾರ್ಷಿಕ ವರ್ಗಾವಣೆ ಬೇಟೆಗಾರನಿಗೆ ಗೊತ್ತಿಲ್ಲವೆಂದಲ್ಲ. ಆದರೂ ಎರಡು ವಾರ ಗೋಲಿಯಾತ್ ಗೈರುಹಾಜರಾದರೆ ಅವನು ಮೊದಲು ಶಂಕಿಸುವುದು ತೊರೆಯಾಚೆಯವನನ್ನು, ಆಮೇಲೆ ಬ್ಯಾಟರಿಯನ್ನು. ಕೊನೆಗೆ ಕ್ಯಾಮೆರಾವನ್ನೇ ಯಾರೋ ಕದಿಯುತ್ತಾರೆಂಬ ಭಯ ಹತ್ತಿ, ಕ್ಯಾಮೆರಾವನ್ನು ಕಾಯಲು ಎದುರಿನ ಮರದ ಎತ್ತರದಲ್ಲಿ ಇನ್ನೊಂದು ಕ್ಯಾಮೆರಾ ಕಟ್ಟುತ್ತಾನೆ. ಅದನ್ನು ಕಾಯುವವರು ಯಾರು ಎಂದು ಕೇಳಬೇಡಿ. ಅವನು ಅದನ್ನೂ ಯೋಚಿಸುತ್ತಿದ್ದಾನೆ.

ಟೆಕ್ಸಾಸ್‌ನಲ್ಲಿ ಇಷ್ಟೆಲ್ಲ ಕಾತರವಿಲ್ಲ. ಅಲ್ಲಿ ಜೋಳದ ಪೀಪಾಯಿಗೆ ಗಡಿಯಾರ ಜೋಡಿಸುತ್ತಾರೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಚಕ್ರ ತಿರುಗಿ ಕಾಳು ಸುತ್ತಲೂ ಚೆಲ್ಲುತ್ತದೆ. ಚಕ್ರದ ಸದ್ದು ಕೇಳಿದೊಡನೆ ಜಿಂಕೆಗಳು ಬರುತ್ತವೆ, ಕ್ಯಾಮೆರಾ ಹಾಜರಿ ಹಾಕುತ್ತದೆ, ಪಕ್ಕದ ಗೂಡಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತವನು ಈಡು ಹಾರಿಸುತ್ತಾನೆ. ಗಂಟೆ ಹೊಡೆದೊಡನೆ ಊಟಕ್ಕೆ ಬರುವ ಪ್ರಾಣಿಯನ್ನು ವನ್ಯಮೃಗ ಎನ್ನಬೇಕೋ ಮೆಸ್ಸಿನ ಗಿರಾಕಿ ಎನ್ನಬೇಕೋ ನನಗೆ ತಿಳಿಯದು. 2005ರಲ್ಲಿ ಇದೇ ಟೆಕ್ಸಾಸ್‌ನಲ್ಲಿ ಒಬ್ಬಾತ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಬಂದೂಕನ್ನೇ ಇಂಟರ್ನೆಟ್ಟಿಗೆ ಜೋಡಿಸಿ, ಎಲ್ಲಿಯೋ ಕುಳಿತವನು ಮೌಸ್ ಒತ್ತಿದರೆ ಇಲ್ಲಿ ಪ್ರಾಣಿ ಬೀಳುವ ವ್ಯವಸ್ಥೆ ಮಾಡಿದ. ಇಡೀ ದೇಶ ಛೀ ಎಂದಿತು, ರಾಜ್ಯದ ಮೇಲೆ ರಾಜ್ಯ ನಿಷೇಧಿಸಿತು, ಎಲ್ಲರಿಗಿಂತ ಜೋರಾಗಿ ಛೀ ಎಂದವರು ಬೇಟೆಗಾರರೇ. ಅವರ ಸಿಟ್ಟು ಪ್ರಾಮಾಣಿಕವಾದದ್ದು. ಕುರ್ಚಿ ಕಾಡಿನಲ್ಲಿರಬೇಕು, ಮನೆಯಲ್ಲಿರಬಾರದು.

ಇಲ್ಲಿಂದ ವಿಷಯ ಶಾಸ್ತ್ರಕ್ಕೆ ಹೊರಳುತ್ತದೆ. ಮುಂದೆ ಅಮೆರಿಕದ ಅಧ್ಯಕ್ಷನಾದ ಥಿಯೋಡರ್ ರೂಸ್ವೆಲ್ಟ್ ಮತ್ತು ಗೆಳೆಯರು 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಆ ನಾಡಿನ ಬೇಟೆಯ ಧರ್ಮಪೀಠ. ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶ ಇರುವಂತೆ ಬೇಟೆಯಾಡುವುದೇ ನ್ಯಾಯವಾದ ಬೇಟೆ ಎಂಬುದು ಅದರ ಸೂತ್ರ. ಕೊಂಬಿಗೆ ಅಂಕ ಕೊಡುವುದೂ ಅದೇ. ಅಂಗುಲದ ಎಂಟನೇ ಒಂದು ಭಾಗದವರೆಗೆ ಅಳೆಯುತ್ತಾರೆ, ಎಡಗೊಂಬೂ ಬಲಗೊಂಬೂ ಸರಿಸಮ ಇಲ್ಲದಿದ್ದರೆ ಕಡಿತ, 170 ಅಂಕ ಮುಟ್ಟಿದರೆ ಬಿಳಿಬಾಲದ ಜಿಂಕೆಗೆ ಸಾರ್ವಕಾಲಿಕ ದಾಖಲೆ ಪುಸ್ತಕದಲ್ಲಿ ಜಾಗ. ಅಳೆಯುವ ಮೊದಲು ಕೊಂಬು 60 ದಿನ ಒಣಗಬೇಕು. ಇಷ್ಟು ನಿಷ್ಠುರವಾದ ಪೀಠ ಕ್ಯಾಮೆರಾದ ವಿಷಯದಲ್ಲಿ ಸುಮ್ಮನಿದ್ದೀತೆ? ಆ ಕ್ಷಣದ ಚಿತ್ರ ಮೊಬೈಲಿಗೆ ಬಂದು, ಅದನ್ನು ನೋಡಿ ಆ ಕ್ಷಣವೇ ಎದ್ದು ಓಡಿ ಹೊಡೆದದ್ದಾದರೆ ದಾಖಲೆಗೆ ಸೇರಿಸುವುದಿಲ್ಲ ಎಂದಿತು. ಅಲ್ಲಿಗೆ ಬಿಸಿಚಿತ್ರ ಅಧರ್ಮ, ಆರಿದ ಚಿತ್ರ ಧರ್ಮ. ಕೊಂಬು ಒಣಗಲು 60 ದಿನವಾದರೆ ಚಿತ್ರ ಒಣಗಲು ಎಷ್ಟು ಗಂಟೆ? ಬೇಟೆಗಾರರು ಈ ಪ್ರಶ್ನೆಯ ಮೇಲೆ ಜಗಳವಾಡುವುದನ್ನು ಕೇಳಬೇಕು. ಗ್ರಹಣದ ಹೊತ್ತಿನ ಅನ್ನ ಉಣ್ಣಬಹುದೇ ಬಾರದೇ ಎಂಬ ಚರ್ಚೆಯೂ ಇಷ್ಟು ಸೂಕ್ಷ್ಮಕ್ಕೆ ಇಳಿಯುವುದಿಲ್ಲ.

ಪಶ್ಚಿಮದ ಒಣ ರಾಜ್ಯಗಳಲ್ಲಿ ಸಮಸ್ಯೆ ಇನ್ನೂ ಬಿಗಿ. ಮರುಭೂಮಿಯಲ್ಲಿ ನೀರು ಇರುವ ಹೊಂಡ ಎಲ್ಲೋ ಒಂದು, ಸುತ್ತಲ ಪ್ರಾಣಿಗಳೆಲ್ಲ ಅಲ್ಲಿಗೇ ಬರಬೇಕು. ಹೊಂಡದ ಸುತ್ತ ಗೂಟಗಳಿಗೆ, ಬೇಲಿಗೆ, ಪೊದೆಗೆ ಕಟ್ಟಿದ ಕ್ಯಾಮೆರಾಗಳು ಒಂದರ ಚಿತ್ರವನ್ನು ಒಂದು ತೆಗೆಯುತ್ತಾ ನಿಂತಿದ್ದವು. ಬಾಯಾರಿ ಬಂದ ಜಿಂಕೆ ನೀರಿಗೆ ಮೂತಿ ಇಡುವ ಮೊದಲು ಪತ್ರಿಕಾಗೋಷ್ಠಿ ಎದುರಿಸಬೇಕಿತ್ತು. ಮೆಮೊರಿ ಕಾರ್ಡು ಬದಲಿಸಲು ಒಬ್ಬನಾದ ಮೇಲೆ ಒಬ್ಬ ಬಂದುಹೋಗುವುದರಿಂದ ಜಿಂಕೆ ಹತ್ತಿರವೂ ಸುಳಿಯಲಾರದಾಯಿತು. ಅರಿಜೋನಾದ ವನ್ಯಜೀವಿ ಆಯೋಗ 2021ರ ಜೂನ್‌ನಲ್ಲಿ ಬೇಟೆಗೆ ಕ್ಯಾಮೆರಾ ಬಳಸುವುದನ್ನು ಒಮ್ಮತದಿಂದ ನಿಷೇಧಿಸಿತು, 2022ರ ಜನವರಿ 1ರಿಂದ ಜಾರಿ. ಯೂಟಾ ಜುಲೈ 31ರಿಂದ ಡಿಸೆಂಬರ್ 31ರವರೆಗೆ ದೊಡ್ಡ ಪ್ರಾಣಿಗಳ ಬೇಟೆಗೆ ಬೇಡ ಎಂದಿತು. ಕಾನ್ಸಸ್ ತನ್ನ ವನ್ಯಜೀವಿ ಇಲಾಖೆಯ ಸಾರ್ವಜನಿಕ ಜಮೀನುಗಳಿಂದ 2023ರಲ್ಲಿ ಪೂರ್ತಿ ಹೊರಗಟ್ಟಿತು. ನೆವಾಡ ಅವರೆಲ್ಲರಿಗಿಂತ ಮೊದಲೇ ಸಾರ್ವಜನಿಕ ಜಮೀನಿನಲ್ಲಿ ತಿಂಗಳುಗಟ್ಟಲೆ ಕಡಿವಾಣ ಹಾಕಿತ್ತು.

ಅರಿಜೋನಾದ ನಿಯಮ ನನಗೆ ಬಹಳ ಇಷ್ಟ. ಅಲ್ಲಿ ಕ್ಯಾಮೆರಾ ಕಟ್ಟುವುದು ತಪ್ಪಲ್ಲ, ಬೇಟೆಗೆಂದು ಕಟ್ಟುವುದು ತಪ್ಪು. ಸಂಶೋಧನೆಗೆ ಕಟ್ಟಿ, ಚೆಂದಕ್ಕೆ ಕಟ್ಟಿ, ಯಾರೂ ಕೇಳುವುದಿಲ್ಲ. ಪೆಟ್ಟಿಗೆ ಅದೇ, ಮರ ಅದೇ, ಜಿಂಕೆ ಅದೇ. ಅಪರಾಧ ಇರುವುದು ಕಟ್ಟಿದವನ ಮನಸ್ಸಿನಲ್ಲಿ. ಪಾಪ, ಅರಣ್ಯ ಅಧಿಕಾರಿ ಅದನ್ನು ಹೇಗೆ ಇಣುಕಿ ನೋಡಬೇಕು? ಅಂಥ ಕ್ಯಾಮೆರಾ ಇನ್ನೂ ಬಂದಿಲ್ಲ. ಇನ್ನು ಕಾರ್ಡು ಹಾಕುವ ಹಳೆಯ ಕ್ಯಾಮೆರಾ ಮತ್ತು ಸಿಮ್ ಇರುವ ಹೊಸದರ ನಡುವೆ ಆ ಧರ್ಮಪೀಠ ಹಿಡಿದ ತಕ್ಕಡಿ ನೋಡಿ. ಹಳೆಯದಕ್ಕೆ ವಾರವಾರ ಕಾಡಿಗೆ ಹೋಗಬೇಕು, ಜಿಂಕೆ ಬೆದರುತ್ತದೆ, ಆದರೆ ಅದು ನ್ಯಾಯ. ಹೊಸದಕ್ಕೆ ಹೋಗುವುದೇ ಬೇಡ, ಜಿಂಕೆ ನೆಮ್ಮದಿಯಾಗಿರುತ್ತದೆ, ಆದರೆ ಅದು ಅನ್ಯಾಯ. ಜಿಂಕೆಯನ್ನು ಕೇಳಿದ್ದರೆ ಬೇರೆ ತೀರ್ಪು ಬರುತ್ತಿತ್ತೇನೋ. ವಿಚಾರಣೆಗೆ ಅದನ್ನು ಕರೆದಿರಲಿಲ್ಲ.

ಕ್ಯಾಮೆರಾದ ಪರ ವಾದಿಸುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಮೊದಲೇ ನೋಡಿಟ್ಟುಕೊಂಡರೆ ಎಳೆಯ ಜಿಂಕೆಯನ್ನು ಬಿಟ್ಟು ಬಲಿತದ್ದನ್ನು ಆರಿಸಬಹುದು, ಕತ್ತಲಲ್ಲಿ ತಪ್ಪು ಪ್ರಾಣಿಗೆ ಹೊಡೆಯುವ ಅನಾಹುತ ತಪ್ಪುತ್ತದೆ ಎನ್ನುತ್ತಾರೆ. ನಿಜವೇ. ದಶರಥ ಸದ್ದಿಗೆ ಬಾಣ ಬಿಟ್ಟು, ಆನೆಯೆಂದುಕೊಂಡು ಮುನಿಕುಮಾರನನ್ನು ಕೊಂದ. ಹೊಳೆಯ ದಂಡೆಯಲ್ಲಿ ಒಂದು ಟ್ರೇಲ್ ಕ್ಯಾಮೆರಾ ಇದ್ದಿದ್ದರೆ ಶಾಪವಿಲ್ಲ, ವನವಾಸವಿಲ್ಲ, ಹಲವು ಪೀಳಿಗೆಯ ಹರಿಕಥೆ ದಾಸರಿಗೆ ಕೆಲಸವೂ ಇಲ್ಲ.

ಈಗ ನವೆಂಬರ್. ಬೆದೆಗಾಲ. ಹಗಲಲ್ಲೂ ಗಂಡುಜಿಂಕೆ ಮೈಮರೆತು ಓಡಾಡುವ ಎರಡು ವಾರ. ನಮ್ಮ ಬೇಟೆಗಾರ ರಜೆ ಹಾಕಿ, ಮೈಗೆ ವಾಸನೆಯಿಲ್ಲದ ಸಾಬೂನು ಹಚ್ಚಿ ಮಿಂದು, ಹೆಣ್ಣುಜಿಂಕೆಯ ಮೂತ್ರವನ್ನು ಸೀಸೆಯಲ್ಲಿ ಕೊಂಡು ತಂದು ಪೊದೆಗೆ ಚಿಮುಕಿಸಿ, ಇಪ್ಪತ್ತು ಅಡಿ ಎತ್ತರದ ಮರದ ಅಟ್ಟಣಿಗೆ ಏರಿ ಕುಳಿತಿದ್ದಾನೆ. ಯಾವ ಮರ ಎಂದು ನಿರ್ಧರಿಸಲು ನಾಲ್ಕು ತಿಂಗಳ ಚಿತ್ರ, ಗಾಳಿಯ ದಿಕ್ಕು, ಚಂದ್ರನ ಕಲೆ ಎಲ್ಲವನ್ನೂ ಒಂದು ಆ್ಯಪ್‌ಗೆ ಉಣಿಸಿದ್ದಾನೆ. ಮೂರನೇ ಸಂಖ್ಯೆಯ ಮರ ಎಂದಿತು. ಬೆಳಗಾಗುತ್ತಿದೆ. ಎಲೆಯ ಮೇಲೆ ಇಬ್ಬನಿ, ಎಲ್ಲೋ ಮರಕುಟಿಗ. ಮೊಬೈಲ್ ಮಿಡಿಯುತ್ತದೆ. ಮೂರನೇ ಕ್ಯಾಮೆರಾದಿಂದ ಚಿತ್ರ! ಎದೆ ಡವಗುಟ್ಟುತ್ತದೆ. ತೆರೆದರೆ, ಅರ್ಧ ಗಂಟೆ ಹಿಂದೆ ಏಣಿ ಹತ್ತುತ್ತಿದ್ದ ದಪ್ಪನೆಯ ಪ್ರಾಣಿಯೊಂದರ ಹಿಂಭಾಗ, ಕಿತ್ತಳೆ ಬಣ್ಣದ ಅಂಗಿಯಲ್ಲಿ. ಸಿಗ್ನಲ್ ಸಿಗದೆ ತಡವಾಗಿ ಬಂದಿದೆ. ಬೆನ್ನಿಗೇ ಇನ್ನೊಂದು ಮಿಡಿತ. ಒಂದನೇ ಕ್ಯಾಮೆರಾ. ನಿನ್ನೆ ಅವನು ದಿನವಿಡೀ ಕುಳಿತಿದ್ದ ಮರದ ಕೆಳಗೆ ಗೋಲಿಯಾತ್ ನಿಂತು ಬೆನ್ನು ನೆಕ್ಕಿಕೊಳ್ಳುತ್ತಿದೆ. ಅವನು ಚಿತ್ರವನ್ನು ಹಿಗ್ಗಿಸಿ ಕವಲುಗಳನ್ನು ಎಣಿಸುತ್ತಾನೆ, ಮನಸ್ಸಿನಲ್ಲೇ ಅಂಕ ಕೂಡುತ್ತಾನೆ, 164 ಇರಬಹುದೇ, ಒಣಗಿದ ಮೇಲೆ 162. ಅವನು ತಲೆ ತಗ್ಗಿಸಿ ಕೂಡುತ್ತಿರುವ ಆ ಒಂದೂವರೆ ನಿಮಿಷದಲ್ಲಿ ಮೂರನೇ ಮರದ ಕೆಳಗೆ ಬೇರೊಂದು ಗಂಡುಜಿಂಕೆ ನಿಧಾನವಾಗಿ ಹಾದುಹೋಗುತ್ತದೆ. ಅದರ ಚಿತ್ರವೂ ಬಂತು, ಮಧ್ಯಾಹ್ನ, ಮನೆಗೆ ಹೋದ ಮೇಲೆ.

ಕ್ಯಾಮೆರಾವನ್ನು ಸರಿಯಾಗಿ ಬಳಸಿದ ಒಂದೇ ಒಂದು ಜೀವದ ಬಗ್ಗೆ ನಾನು ಕೇಳಿದ್ದೇನೆ. ಕೊಲರಾಡೊದ ಬೌಲ್ಡರ್ ನಗರದವರು ವನ್ಯಜೀವಿಗಳನ್ನು ಗಮನಿಸಲು ಇಟ್ಟ ಒಂದು ಕ್ಯಾಮೆರಾದ ಮುಂದೆ 2022ರಲ್ಲಿ ಕರಡಿಯೊಂದು ನಿಂತು, ನಾಲಿಗೆ ಚಾಚಿ, ಓರೆಗಣ್ಣು ಮಾಡಿ, ಅಲ್ಲಿದ್ದ 580 ಚಿತ್ರಗಳಲ್ಲಿ ಸುಮಾರು 400ನ್ನು ತಾನೊಂದೇ ತುಂಬಿಸಿತು. ಅದಕ್ಕೆ ಯಾರ ಹಾಜರಿಯೂ ಬೇಕಿರಲಿಲ್ಲ.

ಋತು ಮುಗಿಯಿತು. ಗೋಲಿಯಾತ್ ಸಿಗಲಿಲ್ಲ. ತೊರೆಯಾಚೆಯವನಿಗೂ ಸಿಗಲಿಲ್ಲ ಎಂಬುದೊಂದು ಸಮಾಧಾನ. ಫೆಬ್ರುವರಿಯ ಒಂದು ರಾತ್ರಿ, ಹಿಮ ಬಿದ್ದ ಜಾಡಿನಿಂದ ಚಿತ್ರ ಬರುತ್ತದೆ. ಭಾರವಾದ ಮೈಯ ಜಿಂಕೆಯೊಂದು ಕ್ಯಾಮೆರಾಕ್ಕೆ ತೀರಾ ಹತ್ತಿರ ಬಂದು, ಮೂತಿಯ ಉಸಿರು ಗಾಜಿಗೆ ತಾಗುವಷ್ಟು ಹತ್ತಿರ, ನೇರವಾಗಿ ನೋಡುತ್ತಾ ನಿಂತಿದೆ. ಚಳಿಗಾಲ ಕಳೆಯುತ್ತ ಬಂದಂತೆ ಗಂಡುಜಿಂಕೆಗಳು ಕೊಂಬು ಉದುರಿಸುತ್ತವೆ. ನೆತ್ತಿಯ ಮೇಲೆ ಎರಡು ಕಲೆ ಬಿಟ್ಟರೆ ಏನೂ ಉಳಿಯುವುದಿಲ್ಲ. ಚಿತ್ರಗಳನ್ನು ತಾನೇ ವಿಂಗಡಿಸುವ ಆ್ಯಪ್ ಅದರ ಕೆಳಗೆ ‘ಹೆಣ್ಣು’ ಎಂದು ಬರೆದಿದೆ. ಯಜಮಾನ ಅರೆನಿದ್ದೆಯಲ್ಲಿ ಕಣ್ಣು ತೆರೆದು ನೋಡುತ್ತಾನೆ.

‘ಬಂದನಾ?’ ಎನ್ನುತ್ತಾಳೆ ಹೆಂಡತಿ.

‘ಇಲ್ಲ, ಯಾವುದೋ ಹೆಣ್ಣುಜಿಂಕೆ’ ಎಂದು ಅವನು ಚಿತ್ರವನ್ನು ಅಳಿಸಿ ಮಲಗುತ್ತಾನೆ.