ನಾಟಿ ಕೆಲಸ, ಹೈಬ್ರಿಡ್ ಹಾಜರಿ

ನಮ್ಮಪ್ಪನಿಗೆ ಹೈಬ್ರಿಡ್ ಅನ್ನೋ ಮಾತು ಹೊಸದಲ್ಲ. ತಿಪಟೂರು ಕಡೆಯ ರೈತರು. ಹೈಬ್ರಿಡ್ ಜೋಳ, ಹೈಬ್ರಿಡ್ ಟೊಮೆಟೊ ಎಲ್ಲ ಬೆಳೆದು, ರೇಟು ಬಿದ್ದಾಗ ತಿಪ್ಪೆಗೆ ಸುರಿದು ಕೈ ತೊಳೆದುಕೊಂಡವರು. ‘ಇನ್ಮೇಲೆ ನಮ್ಮ ಕಂಪನಿಯಲ್ಲಿ ಹೈಬ್ರಿಡ್ ಕೆಲಸ ಅಪ್ಪ, ವಾರಕ್ಕೆ ಮೂರು ದಿನ ಆಫೀಸು, ಎರಡು ದಿನ ಮನೆ’ ಅಂದಾಗ ಅವರು ಕೇಳಿದ್ದು ಇಷ್ಟೇ: ‘ನೋಡೋಕೆ ಕೆಂಪಗಿರುತ್ತೆ, ಸಾರಿಗೆ ಹಾಕಿದ್ರೆ ಹುಳಿ ಬಿಡಲ್ಲ. ಅದೇ ತಾನೆ?’

ಅದೇ.

ಮಂಗಳವಾರ, ಬುಧವಾರ, ಗುರುವಾರ ನನ್ನ ಆಫೀಸಿನ ದಿನಗಳು. ಔಟರ್ ರಿಂಗ್ ರೋಡಿನ ಮಿಕ್ಕ ಕಂಪನಿಗಳಿಗೂ ಹೆಚ್ಚುಕಮ್ಮಿ ಅವೇ ಶುಭದಿನಗಳು. ಐದು ದಿನಕ್ಕೆ ಹಂಚಿಹೋಗುತ್ತಿದ್ದ ಟ್ರಾಫಿಕ್ಕನ್ನು ಮೂರೇ ದಿನಕ್ಕೆ ತುರುಕಿದ್ದಕ್ಕೆ ಹೈಬ್ರಿಡ್ ಎನ್ನುತ್ತಾರೆ. ವಿಜಯನಗರದಲ್ಲಿ ಹತ್ತಿದರೆ ನೇರಳೆ ಮೆಟ್ರೊ ಒಂದು ಗಂಟೆಯೊಳಗೆ ಕೆ.ಆರ್. ಪುರಕ್ಕೆ ತಂದು ಇಳಿಸುತ್ತದೆ. ಅಲ್ಲಿಂದ ಬೆಳ್ಳಂದೂರಿಗೆ ಹತ್ತು ಹನ್ನೊಂದು ಕಿಲೋಮೀಟರು, ಬಸ್ಸಿನಲ್ಲಿ ಇನ್ನೊಂದು ಗಂಟೆ. ದಾರಿಯುದ್ದಕ್ಕೂ ನೆತ್ತಿಯ ಮೇಲೆ ನೀಲಿ ಮಾರ್ಗದ ಕಂಬಗಳು. ಆ ಕಂಬಗಳನ್ನು ಕಂಡರೆ ನನಗೆ ಕೈ ಮುಗಿಯಬೇಕೆನ್ನಿಸುತ್ತದೆ. 2021ರ ಆಗಸ್ಟಿನಲ್ಲಿ ಸರ್ಕಾರವೇ, ಮೆಟ್ರೊ ಕಾಮಗಾರಿ ನಡೀತಿದೆ, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ತನಕದ ಐ.ಟಿ. ಕಂಪನಿಗಳು 2022ರ ಡಿಸೆಂಬರ್‌ವರೆಗೂ ಜನರನ್ನು ಮನೆಯಿಂದಲೇ ದುಡಿಸಿಕೊಳ್ಳಲಿ ಎಂದು ಸಲಹೆ ಕೊಟ್ಟಿತ್ತು. ಡಿಸೆಂಬರ್ ಬಂತು, ಜನ ಬಂದರು. 2025ರಲ್ಲೂ ರೈಲು ಮಾತ್ರ ಬರಲಿಲ್ಲ.

ಮಳೆಯ ವಿಚಾರ ಬೇರೆ. 2022ರ ಸೆಪ್ಟೆಂಬರಿನಲ್ಲಿ ಆ ರಸ್ತೆಯೇ ಕೆರೆಯಾಗಿ, ಲ್ಯಾಪ್‌ಟಾಪ್ ಬ್ಯಾಗು ತಬ್ಬಿಕೊಂಡ ಇಂಜಿನಿಯರುಗಳು ಐವತ್ತು ರೂಪಾಯಿ ಕೊಟ್ಟು ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದರು. ಟಿ.ವಿ.ಯಲ್ಲಿ ಅದನ್ನು ನೋಡಿದ ಅಪ್ಪ, ‘ಟ್ರ್ಯಾಕ್ಟರ್ ಹತ್ತೋಕೆ ಬಿ.ಇ. ಯಾಕೋ ಓದಿದೆ? ಊರಲ್ಲಿ ನಮ್ಮದೇ ಇತ್ತಲ್ಲ, ಕಾಸಿಲ್ಲದೆ ಕೂರಿಸ್ತಿದ್ದೆ’ ಅಂದರು. 2024ರ ಅಕ್ಟೋಬರಿನಲ್ಲಿ ಮಾನ್ಯತಾ ಟೆಕ್ ಪಾರ್ಕಿಗೆ ನೀರು ನುಗ್ಗಿದಾಗಲೂ ಅಷ್ಟೆ, ಮನೆಯಿಂದಲೇ ಕೆಲಸ ಮಾಡಿ ಎಂದು ಮೇಲ್‌ಗಳು ಹೋದವು. ಮಳೆ ಬಂದಾಗ ಮನೆಯಿಂದಲೂ ಕೆಲಸ ಆಗುತ್ತದೆ. ಬಿಸಿಲು ಬಿದ್ದರೆ ಆಗುವುದಿಲ್ಲ.

ಬಿಸಿಲು ಬಿದ್ದ ದಿನ ಆಗದೇ ಇರುವುದರ ಹೆಸರು ಕೊಲಾಬರೇಶನ್. ಎದುರುಬದುರು ಕೂತರೆ ಐಡಿಯಾಗಳು ತಾವಾಗಿಯೇ ಉಕ್ಕುತ್ತವಂತೆ. ನಮ್ಮ ತಂಡದಲ್ಲಿ ಏಳು ಜನ. ಇಬ್ಬರು ಪುಣೆ, ಇಬ್ಬರು ಹೈದರಾಬಾದು, ಒಬ್ಬ ಪೋಲೆಂಡು, ಮ್ಯಾನೇಜರ್ ಡಲ್ಲಾಸು. ಬೆಂಗಳೂರಿನಲ್ಲಿರುವವನು ನಾನೊಬ್ಬನೇ. ಎರಡು ಗಂಟೆ ಪ್ರಯಾಣ ಮಾಡಿ, ತತ್ಕಾಲ್ ಟಿಕೆಟ್ಟಿನಂತೆ ಆ್ಯಪಿನಲ್ಲಿ ಹಿಂದಿನ ದಿನವೇ ಬುಕ್ ಮಾಡಿದ ಕುರ್ಚಿಯಲ್ಲಿ ಕೂತು, ಕಿವಿಗೆ ಹೆಡ್‌ಸೆಟ್ ಏರಿಸಿ ನನ್ನೊಂದಿಗೆ ನಾನೇ ಎದುರುಬದುರಾಗುತ್ತೇನೆ. ಮೊನ್ನೆ ಪಕ್ಕದಲ್ಲಿ ಕೂತಿದ್ದವರ ಹೆಸರು ಸಂಜೆಯವರೆಗೂ ತಿಳಿಯಲಿಲ್ಲ. ಅವರ ಗೃಹಸಾಲದ ಕಂತೆಷ್ಟು, ಬ್ಯಾಂಕಿನವರ ಜೊತೆ ಬಡ್ಡಿಗಾಗಿ ಹೇಗೆ ಜಗಳವಾಡುತ್ತಾರೆ ಅನ್ನುವುದು ಮಾತ್ರ ಪೂರ್ತಿ ತಿಳಿಯಿತು. ಡಲ್ಲಾಸಿನ ಮ್ಯಾನೇಜರಿಗೂ ತಿಳಿಯಿತು, ನನ್ನ ಮೈಕು ಆನ್ ಇತ್ತು.

2020ರಲ್ಲಿ ಮಲೆನಾಡಿನ ಹುಡುಗರು ಗುಡ್ಡ ಹತ್ತಿ, ಟಾರ್ಪಾಲು ಕಟ್ಟಿ, ಇಂಬಳ ಕೀಳುತ್ತಾ ನೆಟ್‌ವರ್ಕ್ ಹಿಡಿದರು. ಆಗ ಯಾರೂ ಹಾಜರಿ ಕೇಳಲಿಲ್ಲ. ಕೆಲಸ ಕೇಳಿದರು, ಕೊಟ್ಟರು. ನಾಟಿ ಮಾಲು ಅಂದರೆ ಅದು.

ಈಗ ಹಾಜರಿಯೇ ಕೆಲಸ. ಹಿಂದೆ ಸರ್ಕಾರಿ ಗುಮಾಸ್ತ ಕುರ್ಚಿಗೆ ಕೋಟು ನೇತುಹಾಕಿ ಮಾಯವಾಗುತ್ತಿದ್ದ ಎಂದು ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ನಾವು ಬೆಳಗ್ಗೆ ಕಾರ್ಡ್ ಉಜ್ಜಿ, ಪುಕ್ಕಟೆ ಕಾಫಿ ಕುಡಿದು ಮನೆ ಕಡೆ ತಿರುಗಿದರೆ ಅದಕ್ಕೆ ಕಾಫಿ ಬ್ಯಾಡ್ಜಿಂಗ್ ಎಂಬ ಘನವಾದ ಹೆಸರು. ಆ ಗುಮಾಸ್ತನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅದೇ ಅವನ ತಪ್ಪು. ನಮ್ಮ ಎಚ್.ಆರ್.ನವರಿಗೂ ವಿಷಯ ಗೊತ್ತಾಗಿ, ಒಳಗೆ ಉಜ್ಜಿದ್ದಕ್ಕೂ ಹೊರಗೆ ಉಜ್ಜಿದ್ದಕ್ಕೂ ನಡುವೆ ಆರು ಗಂಟೆ ಇರಲೇಬೇಕು ಎಂದು ಕಾನೂನು ಮಾಡಿದ್ದಾರೆ.

ಮನೆಯಲ್ಲಿದ್ದ ದಿನವೂ ನೆಮ್ಮದಿಯಿಲ್ಲ. ಆಫೀಸಿನ ಚಾಟಿನಲ್ಲಿ, ಕೆಲಸದಲ್ಲಿದ್ದೇನೆ ಎಂದು ತೋರಿಸಲು ಹೆಸರಿನ ಪಕ್ಕ ಉರಿಯುವ ಹಸಿರು ಚುಕ್ಕಿ ಆರುವ ಹಾಗಿಲ್ಲ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು 2024ರಲ್ಲಿ, ಕೀಬೋರ್ಡ್ ಒತ್ತುತ್ತಿರುವಂತೆ ನಟಿಸಿದ ಹನ್ನೆರಡಕ್ಕೂ ಹೆಚ್ಚು ಮಂದಿಯನ್ನು ಮನೆಗೆ ಕಳಿಸಿತು. ಅವರು ಇದ್ದದ್ದೂ ಮನೆಯಲ್ಲೇ ಇರಬಹುದು, ಅದು ಬೇರೆ ಮಾತು. ನಾನು ಮೌಸನ್ನು ತಾನಾಗಿಯೇ ಅಲ್ಲಾಡಿಸುವ ಯಂತ್ರಕ್ಕೆ ದುಡ್ಡು ಸುರಿದಿಲ್ಲ. ಅಪ್ಪನ ಎಚ್‌ಎಂಟಿ ಜನತಾ ವಾಚನ್ನು ಅಂಗಾತ ಮಲಗಿಸಿ, ಅದರ ಮೇಲೆ ಮೌಸ್ ಇಟ್ಟಿದ್ದೇನೆ. ಸೆಕೆಂಡಿನ ಮುಳ್ಳು ತಿರುಗಿದಂತೆಲ್ಲ ಪರದೆಯ ಮೇಲೆ ಬಾಣ ಅಲ್ಲಾಡುತ್ತದೆ, ಚುಕ್ಕಿ ಹಸಿರಾಗಿಯೇ ಇರುತ್ತದೆ, ನಾನು ಗ್ಯಾಸ್ ಸಿಲಿಂಡರ್ ಇಳಿಸಿಕೊಂಡು ಬರುತ್ತೇನೆ. ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು 2016ರಲ್ಲೇ ಕೇಂದ್ರದ ಒಪ್ಪಿಗೆ ಸಿಕ್ಕಿತ್ತು. ಅದರ ವಾಚಿಗೆ ಈಗ ಐ.ಟಿ.ಯಲ್ಲಿ ನೌಕರಿ. ದಿನಾ ಬೆಳಗ್ಗೆ ಅದಕ್ಕೆ ಕೀ ಕೊಡುವುದು ಅಪ್ಪನ ಪಾಲಿನ ಕೆಲಸ. ಎಂಟೂವರೆಗೆ ಸ್ನಾನ ಮುಗಿಸಿ, ವಿಭೂತಿ ಹಚ್ಚಿ, ಕೀ ಕೊಟ್ಟು, ‘ಲಾಗಿನ್ ಆಯ್ತು ಕಣೋ’ ಎನ್ನುತ್ತಾರೆ.

ಕಳೆದ ಶುಕ್ರವಾರ ಹೊಸ ಮೇಲ್ ಬಂತು. ಮುಂದಿನ ತಿಂಗಳಿಂದ ಐದು ದಿನವೂ ಆಫೀಸು. ಅಪ್ಪನಿಗೆ ಓದಿ ಹೇಳಿದೆ. ಅವರು ವಾಚು ಎತ್ತಿ ಕಿವಿಗೆ ಹಿಡಿದು, ಟಿಕ್ ಟಿಕ್ ಕೇಳಿಸಿಕೊಂಡು, ಪಂಚೆಯ ಅಂಚಿನಿಂದ ಗಾಜು ಒರೆಸಿದರು.

‘ಹಂಗಾದ್ರೆ ಇದನ್ನ ಕೆಲಸದಿಂದ ತೆಗೆದ್ರು ಅನ್ನು. ಮೂರು ತಿಂಗಳ ಸಂಬಳನಾದ್ರೂ ಕೊಡ್ತಾರೇನೋ ಕೇಳು.’