ಸ್ಪಷ್ಟನೆ: ‘ಮೂರು ಕ್ಲಿಕ್’ ನಿಯಮಕ್ಕೆ ಆಧಾರವಿಲ್ಲ

‘ಬೇಕಾದದ್ದು ಮೂರು ಕ್ಲಿಕ್‌ನಲ್ಲಿ ಸಿಗದಿದ್ದರೆ ಗಿರಾಕಿ ನಿಮ್ಮ ವೆಬ್‌ಸೈಟ್ ಬಿಟ್ಟು ಹೋಗುತ್ತಾನೆ’ ಎಂಬ ಮೆಸೇಜು ವ್ಯಾಪಾರಿಗಳ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

2003ರಲ್ಲಿ ಜೋಶುವಾ ಪೋರ್ಟರ್ ಎಂಬ ಅಮೆರಿಕನ್ ವಿನ್ಯಾಸಕಾರ ಇದನ್ನು ಪರೀಕ್ಷಿಸಿ ನೋಡಿದರು. 44 ಜನ, ಅವರಿಗೆ ವೆಬ್‌ಸೈಟ್‌ಗಳಲ್ಲಿ ಮಾಡಲು ಕೊಟ್ಟ 620 ಕೆಲಸ, ಒಟ್ಟು 8,000ಕ್ಕೂ ಹೆಚ್ಚು ಕ್ಲಿಕ್. ಮೂರನೇ ಕ್ಲಿಕ್ ಆದ ಕೂಡಲೇ ಜನ ಬಿಟ್ಟು ಹೋಗಲಿಲ್ಲ. ಕೆಲವರಂತೂ 25 ಕ್ಲಿಕ್‌ವರೆಗೆ ಹುಡುಕಿದರು. ಕ್ಲಿಕ್ ಹೆಚ್ಚಾಯಿತು ಅಂತ ಬೇಸರವೂ ಹೆಚ್ಚಲಿಲ್ಲ.

ಈ ನಿಯಮ ನಂಬಿ ಎಲ್ಲ ಲಿಂಕನ್ನೂ ಮೊದಲ ಪುಟಕ್ಕೇ ತುಂಬುತ್ತಾರಲ್ಲ, ಕಾಟ ಶುರುವಾಗುವುದು ಅಲ್ಲಿ. ಸೀರೆ ಅಂಗಡಿಯ ಪುಟ ಅಂದುಕೊಳ್ಳಿ. ‘ಸೀರೆ’, ‘ರೇಷ್ಮೆ’, ‘ಇಳಕಲ್’ ಎಂದು ಒಂದೊಂದೇ ಒತ್ತುತ್ತಾ ಹೋದರೆ ದಾರಿ ಸರಿಯಿದೆ ಅಂತ ಪ್ರತಿ ಹೆಜ್ಜೆಗೂ ಗೊತ್ತಾಗುತ್ತದೆ. ಆಗ ನಾಲ್ಕೈದು ಕ್ಲಿಕ್ ಭಾರವೇ ಅಲ್ಲ. ಅದೇ ಮೊಬೈಲಿನಲ್ಲಿ ನಲವತ್ತು ಸಣ್ಣ ಲಿಂಕು ಒತ್ತೊತ್ತಾಗಿದ್ದರೆ ಬೆರಳು ಒಂದಕ್ಕೆ ಹೋಗಿ ಇನ್ನೊಂದು ತೆರೆಯುತ್ತದೆ. ‘ನಮ್ಮ ವಿಶೇಷ’ದಂಥ ಹೆಸರಿಟ್ಟರೆ ಒಳಗೇನಿದೆ ಅಂತ ಯಾರಿಗೆ ತಿಳಿಯಬೇಕು? ಪುಟ ನಿಧಾನವಾಗಿ ತೆರೆದರೂ ಅಷ್ಟೇ, ಗಿರಾಕಿ ಸುಮ್ನೆ ಹೊರಟುಬಿಡುತ್ತಾನೆ.

ಆ ಮೆಸೇಜು ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಕಳಿಸಿಯಾಗಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.