ತಪ್ಪು ಡೇಟಾಬೇಸಿನದಲ್ಲ

ಜಾಲತಾಣ ನಡೆಸುವ ಪೈಥಾನ್ ತಂತ್ರಾಂಶ ಝೋಪ್‌ನಲ್ಲಿ ಉಳಿಸಿದ ಮಾಹಿತಿ ಸರ್ವರ್ ಮರುಚಾಲನೆಯಾದ ಮೇಲೆ ಮಾಯವಾಗುತ್ತದೆ, ಆದ್ದರಿಂದ ಪೈಥಾನ್ ಆಬ್ಜೆಕ್ಟುಗಳನ್ನು ನೇರವಾಗಿ ಉಳಿಸುವ ಅದರ ಆಬ್ಜೆಕ್ಟ್ ಡೇಟಾಬೇಸ್ ಝಡ್‌ಒಡಿಬಿಯನ್ನು ನಂಬಬಾರದು ಎಂದು ಝೋಪ್ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಈ ತೀರ್ಪು ಅನ್ಯಾಯದ್ದು. ಆಬ್ಜೆಕ್ಟಿನ ಆಟ್ರಿಬ್ಯೂಟ್‌ಗೆ (ಗುಣಕ್ಕೆ) ಹೊಸ ಮೌಲ್ಯ ಕೊಟ್ಟರೆ ಝಡ್‌ಒಡಿಬಿ ಅದನ್ನು ಗುರುತಿಸುತ್ತದೆ. ಒಳಗಿರುವ ಸಾಮಾನ್ಯ ಪೈಥಾನ್ ಲಿಸ್ಟಿಗೆ ಹೊಸದನ್ನು ಸೇರಿಸಿದರೆ (ಅಪೆಂಡ್) ಅದಕ್ಕೆ ಸುಳಿವೇ ಸಿಗುವುದಿಲ್ಲ, ಹಾಗಾಗಿ ಆ ಬದಲಾವಣೆ ಉಳಿಯುವುದಿಲ್ಲ.

ಉಡುಪಿಯಲ್ಲಿ ನಾನು ನೋಡಿಕೊಳ್ಳುವ ಯಕ್ಷಗಾನ ಮೇಳವೊಂದರ ಜಾಲತಾಣದಲ್ಲಿ ಇದೇ ಆಗುತ್ತಿತ್ತು. ಕಟಪಾಡಿಯ ಆಟವನ್ನು ತಿರುಗಾಟದ ಪಟ್ಟಿಗೆ ಸೇರಿಸಿದರೆ ಪುಟದಲ್ಲಿ ಒಮ್ಮೆ ಕಾಣುತ್ತಿತ್ತು, ಮತ್ತೆ ತೆರೆದರೆ ಇರುತ್ತಿರಲಿಲ್ಲ. ಸರ್ವರ್‌ನಲ್ಲಿ ಏಕಕಾಲಕ್ಕೆ ಕೆಲಸ ಮಾಡುವ ಪ್ರತಿ ಥ್ರೆಡ್‌ಗೂ ಡೇಟಾಬೇಸಿನೊಂದಿಗೆ ತನ್ನದೇ ಸಂಪರ್ಕ, ತನ್ನದೇ ಕ್ಯಾಶ್ (ತಾತ್ಕಾಲಿಕ ಪ್ರತಿ) ಇರುವುದರಿಂದ, ಒಂದರಲ್ಲಿ ಸೇರಿಸಿದ್ದು ಇನ್ನೊಂದಕ್ಕೆ ಕಾಣದೆ ಹೀಗೆ. ಈ ಕಣ್ಣಾಮುಚ್ಚಾಲೆ ಕಂಡರೆ ಮೊದಲು ಲಿಸ್ಟ್, ಡಿಕ್ಷನರಿಗಳನ್ನೇ ಹುಡುಕಿ. ಸಾಮಾನ್ಯ ಲಿಸ್ಟಿನ ಬದಲು, ತನ್ನ ಬದಲಾವಣೆಯನ್ನು ಝಡ್‌ಒಡಿಬಿಗೆ ತಿಳಿಸುವ ಪರ್ಸಿಸ್ಟೆಂಟ್‌ಲಿಸ್ಟ್ ಬಳಸಿದರೆ ಸಾಕು. ಸಾವಿರಾರು ದಾಖಲೆಗಳಿದ್ದರೆ ಅವನ್ನು ಸಣ್ಣ ತುಂಡುಗಳಾಗಿ ಇಡುವ ಬಿಟ್ರೀ ಉತ್ತಮ.

ಒಂದೇ ಆಬ್ಜೆಕ್ಟನ್ನು ಇಬ್ಬರು ಒಟ್ಟಿಗೆ ಬದಲಿಸಿದಾಗ ಬರುವ ಕಾನ್‌ಫ್ಲಿಕ್ಟ್ ಎರರ್‌ಗೆ ಭೇಟಿಗಳ ಎಣಿಕೆ ಕಾರಣ ಎಂದು ಲೇಖಕರು ಹೇಳಿದ್ದು ನೂರಕ್ಕೆ ನೂರು ಸರಿ. ಪ್ರತಿ ಭೇಟಿಗೂ ಎಣಿಕೆ ಏರಿಸುವ ಕೋಡ್ ಎಲ್ಲರನ್ನೂ ಒಂದೇ ಆಬ್ಜೆಕ್ಟಿಗೆ ಬರೆಯಲು ಹಚ್ಚುತ್ತದೆ, ಡೇಟಾ ಫೈಲನ್ನೂ ಸುಮ್ಮನೆ ಉಬ್ಬಿಸುತ್ತದೆ. ಹಳೆಯ ಆವೃತ್ತಿಗಳು ಪ್ಯಾಕ್ ಮಾಡುವ (ಅವನ್ನು ತೆಗೆದುಹಾಕುವ) ತನಕ ಅದರಲ್ಲೇ ಉಳಿಯುತ್ತವೆ. ದಯವಿಟ್ಟು ಲೇಖನದಲ್ಲಿ ಡೇಟಾಬೇಸನ್ನು ನಂಬಬಾರದೆಂಬ ಆ ಮೊದಲ ಭಾಗವನ್ನು ತಿದ್ದಿ. ಹೊಸಬರು ಅದನ್ನೋದಿ ಒಳ್ಳೆಯ ಸಾಧನವೊಂದನ್ನು ಕೈಬಿಡುತ್ತಾರೆ.